ಡೈರಿ ಲೆಕ್ಕದ ದಾರಿಯಲ್ಲಿ ಕ್ಲಾಸು, ಆಬ್ಜೆಕ್ಟು

ನಾನು ಹಾಸನ ತಾಲ್ಲೂಕಿನ ಒಂದು ಹಳ್ಳಿಯ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಕಾರ್ಯದರ್ಶಿ. ಪ್ರೋಗ್ರಾಮಿಂಗ್ ಕಲಿಯೋಕೆ ಕೂತದ್ದು ನಲವತ್ತು ದಾಟಿದ ಮೇಲೆ. ಪೈಥಾನ್‌ನಲ್ಲಿ ವೇರಿಯಬಲ್, ಲಿಸ್ಟ್, ಲೂಪ್, ಫಂಕ್ಷನ್ ತನಕ ಅಷ್ಟೇನೂ ಕಷ್ಟ ಆಗಲಿಲ್ಲ. ದಿನಾ ಬೆಳಗ್ಗೆ ಸಂಜೆ ಲೆಕ್ಕ ಬರೆಯುವವರಿಗೆ ಅದು ಹೊಸದಲ್ಲ. ಗಾಡಿ ನಿಂತದ್ದು ಕ್ಲಾಸ್, ಆಬ್ಜೆಕ್ಟ್ ಅನ್ನುವ ಜಾಗದಲ್ಲಿ. ನನ್ನ ವಯಸ್ಸಿನ ಬಹಳ ಜನ ಅಲ್ಲೇ ಪುಸ್ತಕ ಮುಚ್ಚಿಡುತ್ತಾರೆ. ಅದು ನನಗೆ ಹೇಗೆ ದಕ್ಕಿತು ಅಂತ ಬರೆದರೆ ಒಬ್ಬರಿಗಾದರೂ ಉಪಯೋಗ ಆದೀತು ಅನ್ನಿಸಿತು.

ಕಲಿಯಬೇಕು ಅನ್ನಿಸಿದ್ದಕ್ಕೆ ಕಾರಣ ಇತ್ತು. ಡೈರಿಯಲ್ಲಿ ಹಾಲು ಅಳೆದು, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ನೋಡಿ, ಮೆಷಿನ್ ಒಂದು ಚೀಟಿ ಕೊಡುತ್ತದೆ. ಅದರಲ್ಲಿ ಲೀಟರ್‌ಗೆ ಇಷ್ಟು ಅಂತ ದರ ಇರುತ್ತದೆ. ನಿನ್ನೆಗಿಂತ ಇವತ್ತು ದರ ಕಡಿಮೆ ಬಂದರೆ ಹಾಲು ಹಾಕಿದವರು ಕೇಳುತ್ತಾರೆ, "ಯಾಕಮ್ಮ ಹಿಂಗೆ?" ಮೆಷಿನ್ ಹೇಳ್ತು ಅನ್ನೋದು ಉತ್ತರ ಅಲ್ಲ. ನಾಲ್ಕು ಗಂಟೆಗೆ ಎದ್ದು ಹಾಲು ಕರೆದು ತಂದವರಿಗೆ ಆ ದರ ಎಲ್ಲಿಂದ ಬಂತು ಅಂತ ತಿಳಿಯುವ ಹಕ್ಕಿದೆ. ಆ ಲೆಕ್ಕದ ಒಳಗೆ ಏನು ನಡೆಯುತ್ತದೆ ಅಂತ ನನಗೇ ಕಾಣಬೇಕಿತ್ತು.

ಮೊದಲು ಹಾಸನದ ಒಂದು ಟ್ರೈನಿಂಗ್ ಸೆಂಟರ್‌ಗೆ ಹೋದೆ. ಶಕ್ತಿ ಯೋಜನೆ ಬಂದಮೇಲೆ ಬಸ್ಸಿನ ಖರ್ಚೇನೂ ಇರಲಿಲ್ಲ, ಬೆಳಗಿನ ಹಾಲು ಮುಗಿಸಿ ಹೊರಟರೆ ಸಂಜೆ ಹಾಲಿಗೆ ವಾಪಸ್. ಅಲ್ಲಿ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಅಂದರೆ ನಾಲ್ಕು ಕಂಬ ಅಂತ ಬರೆಸಿದರು. ಎನ್‌ಕ್ಯಾಪ್ಸುಲೇಷನ್, ಅಬ್‌ಸ್ಟ್ರಾಕ್ಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ. ಆಮೇಲೆ ಉದಾಹರಣೆ: ಪ್ರಾಣಿ ಅನ್ನೋದು ಕ್ಲಾಸು, ನಾಯಿ ಅದರ ಮಗು, ನಾಯಿ ಬೊಗಳುತ್ತದೆ, ಬೆಕ್ಕು ಮಿಯಾಂವ್ ಅನ್ನುತ್ತದೆ. ಯೂಟ್ಯೂಬ್‌ನಲ್ಲಿ ನೋಡಿದರೂ ಅದೇ ನಾಯಿ, ಅದೇ ಕಾರು.

ಈ ನಾಯಿ ಬೆಕ್ಕಿನ ಉದಾಹರಣೆ ಕಲಿಯುವವರಿಗೆ ತೊಂದರೆಯನ್ನೇ ಮಾಡುತ್ತದೆ ಅಂತ ಈಗ ನನ್ನ ಖಚಿತ ಅಭಿಪ್ರಾಯ. ಕ್ಲಾಸ್ ಅಂದರೆ ಜಾತಿ ವಿಂಗಡಿಸೋದು ಅಂತ ತಲೆಗೆ ಹೋಗುತ್ತದೆ. ನಾಯಿಯ ಲೆಕ್ಕ ಯಾರು ಇಡುತ್ತಾರೆ? ನಾಯಿ ಏನನ್ನು ನೆನಪಿಟ್ಟುಕೊಳ್ಳಬೇಕು, ಯಾರಿಗೆ ಉತ್ತರ ಕೊಡಬೇಕು? ಯಾವುದೂ ಇಲ್ಲ. ಸುಮ್ನೆ ಬೊಗಳುತ್ತದೆ. ಹಾಗಾಗಿ ಕ್ಲಾಸ್ ಯಾಕೆ ಬೇಕು ಅನ್ನುವ ಪ್ರಶ್ನೆಗೆ ಅಲ್ಲಿ ಉತ್ತರವೇ ಸಿಗುವುದಿಲ್ಲ.

ನನಗೆ ದಾರಿ ತೋರಿಸಿದವನು ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಕುಣಿಗಲ್, ಶ್ರವಣಬೆಳಗೊಳದ ಮೇಲೆ ಬರುವ ರೈಲು ಹತ್ತಿ ರಜೆಗೆ ಬರುತ್ತಾನೆ, ಉಳಿದ ದಿನ ರಾತ್ರಿ ಫೋನು. ಅವನು ಕಂಬದ ಮಾತು ಎತ್ತಲಿಲ್ಲ. "ಚಿಕ್ಕಮ್ಮ, ನಿನ್ನ ಡೈರಿ ಲೆಕ್ಕ ಈಗ ಗೊತ್ತಿರೋ ಪೈಥಾನ್‌ನಲ್ಲೇ ಬರಿ. ಎಲ್ಲಿ ಕೈ ಕಚ್ಚುತ್ತೋ ನೋಡೋಣ" ಅಂದ.

ಬರೆದೆ. ಸದಸ್ಯರ ನಂಬರಿಗೆ ಒಂದು ಲಿಸ್ಟು, ಲೀಟರಿಗೆ ಒಂದು, ಫ್ಯಾಟಿಗೆ ಒಂದು, ಎಸ್‌ಎನ್‌ಎಫ್‌ಗೆ ಒಂದು. ಮೂರನೇ ನಂಬರಿನ ಲೀಟರು ಎರಡನೇ ಲಿಸ್ಟಿನ ಮೂರನೇ ಜಾಗದಲ್ಲಿ. ಓಡಿತು. ಆಗ ಅವನು ಕೇಳಿದ, ಲೀಟರ್ ಜಾಸ್ತಿ ಇರುವವರು ಮೇಲೆ ಬರುವ ಹಾಗೆ ಜೋಡಿಸು ಅಂತ. ಲೀಟರಿನ ಲಿಸ್ಟ್ ಜೋಡಿಸಿದ ಕೂಡಲೇ ಉಳಿದ ಲಿಸ್ಟುಗಳು ಹಿಂದೆ ಉಳಿದವು. ಒಬ್ಬರ ಹಾಲು ಇನ್ನೊಬ್ಬರ ಫ್ಯಾಟು. ಪೈಥಾನ್ ಒಂದು ಎರರ್ ಕೂಡ ಕೊಡಲಿಲ್ಲ, ಯಾಕಂದರೆ ಅದರ ಪ್ರಕಾರ ಎಲ್ಲ ಸರಿ ಇದೆ. ಆ ನಾಲ್ಕು ಲಿಸ್ಟು ಒಂದಕ್ಕೊಂದು ಸೇರಿದ್ದು ಅನ್ನುವ ವಿಷಯ ನನ್ನ ತಲೆಯಲ್ಲಿ ಮಾತ್ರ ಇತ್ತು, ಕೋಡ್‌ನಲ್ಲಿ ಎಲ್ಲೂ ಇರಲಿಲ್ಲ.

ಒಂದು ಸಲ ಹಾಕಿದ ಹಾಲಿನ ವಿವರವೆಲ್ಲ ಒಟ್ಟಿಗಿರಬೇಕು, ಅದಕ್ಕೆ ಸಂಬಂಧಿಸಿದ ಲೆಕ್ಕವೂ ಅದರ ಜೊತೆಗೇ ಇರಬೇಕು. ಆಬ್ಜೆಕ್ಟ್ ಅಂದರೆ ಇಷ್ಟೇ ಅಂತ ಅವತ್ತು ಹೊಳೆಯಿತು. ಅಂಥ ಆಬ್ಜೆಕ್ಟುಗಳಲ್ಲಿ ಏನೇನು ಇರಬೇಕು ಅಂತ ಒಂದೇ ಸಲ ಬರೆದಿಡುವ ನಮೂನೆಯೇ ಕ್ಲಾಸು.

ಈ ವಿಚಾರ ಮೊದಲು ಹುಟ್ಟಿದ್ದು ಎಲ್ಲಿ ಅಂತ ಕೇಳಿದೆ. ನಾರ್ವೆ ದೇಶದಲ್ಲಿ ಅಂದ. ಓಲೆ ಯೋಹಾನ್ ಡಾಲ್, ಕ್ರಿಸ್ಟನ್ ನೈಗಾರ್ಡ್ ಅನ್ನುವ ಇಬ್ಬರು ಓಸ್ಲೋದಲ್ಲಿ 1960ರ ದಶಕದಲ್ಲಿ ಸಿಮುಲಾ ಅನ್ನುವ ಭಾಷೆ ಕಟ್ಟಿದರು. ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್ ಮೂರೂ ಸಿಮುಲಾ 67ರಲ್ಲೇ ಇದ್ದವು. ಆ ಕೆಲಸಕ್ಕೆ ಅವರಿಬ್ಬರಿಗೂ ಕಂಪ್ಯೂಟರ್ ವಿಜ್ಞಾನದ ದೊಡ್ಡ ಪ್ರಶಸ್ತಿಯಾದ ಟ್ಯೂರಿಂಗ್ ಪ್ರಶಸ್ತಿ 2001ನೇ ಸಾಲಿನದು ಬಂತು. ಅವರಿಗೆ ಬೇಕಿದ್ದದ್ದು ಪ್ರಾಣಿಗಳ ಪಟ್ಟಿ ಅಲ್ಲ. ಜನ ಬರುತ್ತಾರೆ, ಸಾಲಿನಲ್ಲಿ ನಿಲ್ಲುತ್ತಾರೆ, ಕಾಯುತ್ತಾರೆ, ಕೆಲಸ ಮುಗಿಸಿ ಹೋಗುತ್ತಾರೆ. ಇಂಥದ್ದನ್ನು ಕಂಪ್ಯೂಟರ್ ಒಳಗೆ ನಡೆಸಿ ನೋಡಬೇಕಿತ್ತು. ಇದನ್ನು ಕೇಳಿದ ಮೇಲೆ ನನಗೆ ಧೈರ್ಯ ಬಂತು. ಕ್ಯಾನ್ ಹಿಡಿದು ನಿಂತ ಸಾಲನ್ನು ದಿನಕ್ಕೆರಡು ಸಲ ನೋಡುವವಳು ನಾನು. ಈ ವಿದ್ಯೆ ಹುಟ್ಟಿದ್ದೇ ನಮ್ಮಂಥ ಜಾಗದ ಕೆಲಸಕ್ಕೆ, ಅಲ್ವಾ!

ಹೆಸರುಗಳನ್ನು ಕನ್ನಡದಲ್ಲೇ ಇಡೋಣ ಅಂದೆ. ಪೈಥಾನ್ 3 ಅದಕ್ಕೆ ಒಪ್ಪುತ್ತದೆ. ಕ್ಲಾಸ್, ಡೆಫ್ ಅನ್ನುವ ಅದರದೇ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ಆದರೆ ನಾವು ಇಡುವ ಹೆಸರು ಕನ್ನಡ ಲಿಪಿಯಲ್ಲಿ ಇರಬಹುದು. ಸದಸ್ಯೆ, ಎಂಟ್ರಿ (ಒಂದು ಸಲ ಹಾಕಿದ ಹಾಲಿನ ದಾಖಲೆ), ದರಪಟ್ಟಿ, ಬಟವಾಡೆ. ಕೀಬೋರ್ಡ್ ಆಗಾಗ ಬದಲಾಯಿಸಬೇಕು, ಅದೊಂದು ಕಿರಿಕಿರಿ. ಇನ್ನೊಂದು ತೊಡಕು ಯಾವ ಪಾಠದಲ್ಲೂ ಇಲ್ಲ, ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಸಿಗುವಂಥದ್ದು. 'ಲೀಟರ್‌ಗೆ_ದರ' ಅಂತ ಒಂದು ಹೆಸರು ಇಟ್ಟರೆ ಪೈಥಾನ್ ಸಿಂಟ್ಯಾಕ್ಸ್ ಎರರ್ ಅನ್ನುತ್ತದೆ, ಕಣ್ಣಿಗೆ ಕಾಣದ ಅಕ್ಷರ ಯು+200ಸಿ ಇದೆ ಅನ್ನುತ್ತದೆ. ಅದು ನಿಜ. ರ ಕೆಳಗೆ ಗ ಒತ್ತಾಗಿ ಕೂರದೆ ಬೇರೆ ನಿಲ್ಲಲಿ ಅಂತ ನಾವು ಟೈಪ್ ಮಾಡುವಾಗ ನಡುವೆ ಒಂದು ಕಾಣದ ಅಕ್ಷರ ಹೋಗಿರುತ್ತದೆ. ಕೋಟ್ ಒಳಗಿನ ಬರಹದಲ್ಲಿ ಅದು ಇರಬಹುದು, ಹೆಸರಿನಲ್ಲಿ ಇರಬಾರದು. 'ದರ' ಅಂತಷ್ಟೇ ಇಟ್ಟು ಮುಂದೆ ಹೋದೆವು. ಇಂಥದ್ದೇ ಒಂದು ಒಳ್ಳೆಯ ಸುದ್ದಿಯೂ ಇದೆ. ೨೭ ಅಂತ ಕನ್ನಡ ಅಂಕಿಯಲ್ಲಿ ಟೈಪ್ ಮಾಡಿ ಕೊಟ್ಟರೂ ಇಂಟ್ ಫಂಕ್ಷನ್ ಅದನ್ನು ಸಂಖ್ಯೆ ಅಂತಲೇ ಓದುತ್ತದೆ.

ಈಗ ಸೆಲ್ಫ್ ವಿಷಯ. ಬಹಳ ಜನ ಕಂಗಾಲಾಗುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸದಸ್ಯೆ ಅನ್ನುವ ಕ್ಲಾಸಿನಲ್ಲಿ 'ಹಾಲು_ಹಾಕು' ಅಂತ ಒಂದು ಮೆಥಡ್, ಅಂದರೆ ಕ್ಲಾಸಿನ ಒಳಗೆ ಬರೆದ ಫಂಕ್ಷನ್. ಅದಕ್ಕೆ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಮೂರು ಬೇಕು. ಮೆಥಡ್ ಬರೆಯುವಾಗ ಆವರಣದಲ್ಲಿ ಈ ಮೂರು ಹೆಸರನ್ನೇ ಇಟ್ಟು, ಆಮೇಲೆ ಹೀಗೆ ಕರೆಯೋಣ:

ಸದಸ್ಯೆ27.ಹಾಲು_ಹಾಕು(4.5, 38, 85)

ಪೈಥಾನ್ ಟೈಪ್ ಎರರ್ ಕೊಡುತ್ತದೆ. ಈ ಮೆಥಡ್ ತಗೊಳ್ಳೋದು 3, ನೀವು ಕೊಟ್ಟಿದ್ದು 4 ಅನ್ನುತ್ತದೆ. ಮೇಲಿನ ಸಾಲಿನಲ್ಲಿ ಎಷ್ಟು ಸಲ ಎಣಿಸಿದರೂ ಕೊಟ್ಟಿರೋದು ಮೂರೇ. ನಾಲ್ಕನೆಯದು ಎಲ್ಲಿಂದ ಬಂತು?

ಅಕ್ಕನ ಮಗ ಅದೇ ಸಾಲನ್ನು ಇನ್ನೊಂದು ರೀತಿ ಬರೆದು ತೋರಿಸಿದ:

ಸದಸ್ಯೆ.ಹಾಲು_ಹಾಕು(ಸದಸ್ಯೆ27, 4.5, 38, 85)

ಎರಡೂ ಒಂದೇ. ಚುಕ್ಕಿಯ ಎಡಗಡೆ ಇರುವವರನ್ನು ಪೈಥಾನ್ ತಾನೇ ಎತ್ತಿ ಮೊದಲ ಜಾಗದಲ್ಲಿ ಕೂರಿಸುತ್ತದೆ. ಅವರನ್ನು ಬರಮಾಡಿಕೊಳ್ಳೋಕೆ ಮೆಥಡ್ಡಿನ ಆವರಣದಲ್ಲಿ ಮೊದಲ ಹೆಸರೊಂದು ಬೇಕು. ಆ ಹೆಸರೇ ಸೆಲ್ಫ್. ಡೈರಿಯಲ್ಲಿ ನಾವು ಮೊದಲು ಕೇಳೋದೇ "ಎಷ್ಟನೇ ನಂಬರಮ್ಮ?" ಅಂತ. ನಂಬರ್ ಗೊತ್ತಿಲ್ಲದೆ ಹಾಲು ಅಳೆದು ಏನು ಬಂತು, ಯಾರ ಲೆಕ್ಕಕ್ಕೆ ಬರೆಯೋದು? ಮೆಥಡ್ ಒಂದೇ ಇರುತ್ತದೆ, ಎಲ್ಲ ಸದಸ್ಯೆಯರಿಗೂ ಅದೇ. ಯಾರ ಲೆಕ್ಕ ಅನ್ನೋದನ್ನು ಸೆಲ್ಫ್ ಹೇಳುತ್ತದೆ. ಈ ಎರಡು ಸಾಲನ್ನು ಪಕ್ಕಪಕ್ಕ ಇಟ್ಟು ತೋರಿಸದೆ ಸೆಲ್ಫ್ ಅಂದರೆ 'ನಾನು' ಅಂತ ಹೇಳಿ ಮುಗಿಸುವ ಪಾಠಗಳ ಮೇಲೆ ನನಗೆ ಈಗಲೂ ಸಿಟ್ಟಿದೆ.

ಅದಾದ ಮೇಲೆ ಅವನು ಬೇಕಂತಲೇ ಒಂದು ತಪ್ಪು ಕೋಡ್ ಬರೆದು ಓಡಿಸು ಅಂದ. ಎಂಟ್ರಿಗಳ ಖಾಲಿ ಲಿಸ್ಟನ್ನು ಸೆಲ್ಫ್‌ಗೆ ಸೇರಿಸದೆ ನೇರವಾಗಿ ಕ್ಲಾಸಿನ ಮೈಯಲ್ಲೇ ಇಟ್ಟಿದ್ದ. ಇಪ್ಪತ್ತೇಳನೇ ನಂಬರಿನವರ ಹೆಸರಿಗೆ ಒಂದು ಎಂಟ್ರಿ ಹಾಕಿ, ಮೂವತ್ತನೆಯವರ ಲೆಕ್ಕ ತೆಗೆದರೆ ಅದೇ ಎಂಟ್ರಿ ಅಲ್ಲೂ ಇದೆ! ಆ ಲಿಸ್ಟು ಇಡೀ ಕ್ಲಾಸಿಗೆ ಒಂದೇ, ಎಲ್ಲರೂ ಅದರೊಳಗೇ ಬರೆಯುತ್ತಿದ್ದಾರೆ. ಹೊಸ ಆಬ್ಜೆಕ್ಟ್ ಹುಟ್ಟುವಾಗ ಓಡುವ ಇನಿಟ್ ಮೆಥಡ್ ಒಳಗೆ ಸೆಲ್ಫ್‌ಗೆ ಅಂತ ಹೊಸ ಲಿಸ್ಟ್ ಮಾಡಿಕೊಟ್ಟರೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ. ಇದರಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಅದೇ ಜಾಗದಲ್ಲಿ ಲಿಸ್ಟಿನ ಬದಲು 'ಒಟ್ಟು' ಅಂತ ಸೊನ್ನೆ ಇಟ್ಟು, ಸೆಲ್ಫ್ ಮೂಲಕ ಕೂಡಿಸುತ್ತಾ ಹೋದರೆ ಬೆರಕೆ ಆಗುವುದಿಲ್ಲ, ಯಾಕಂದರೆ ಕೂಡಿಸಿದ ಹೊಸ ಮೊತ್ತ ಆ ಸದಸ್ಯೆಯ ಹೆಸರಿಗೇ ಬೇರೆಯಾಗಿ ಬರೆದುಕೊಳ್ಳುತ್ತದೆ. ಸಂಖ್ಯೆಯಲ್ಲಿ ಸರಿ ಬಂತು ಅಂತ ಲಿಸ್ಟಿನಲ್ಲೂ ಬರುತ್ತದೆ ಅಂದುಕೊಂಡರೆ ಸಂಘದಲ್ಲಿ ಜಗಳವೇ ಗತಿ.

ಎಸ್‌ಎನ್‌ಎಫ್ ವಿಷಯದಲ್ಲಿ ಒಂದು ಒಳ್ಳೆಯ ಪಾಠ ಸಿಕ್ಕಿತು. ಹಾಲಿನ ಸಾಂದ್ರತೆ ತೋರಿಸುವ ಲ್ಯಾಕ್ಟೋಮೀಟರ್ ಇಟ್ಟು ನೋಡುವ ಕಡೆ ಎಸ್‌ಎನ್‌ಎಫ್ ಅಳೆಯುವಂಥದ್ದಲ್ಲ, ಲೆಕ್ಕ ಹಾಕುವಂಥದ್ದು. ನಾನು ಬಳಸಿದ ಸೂತ್ರ ಇದು: ಶಾಖಕ್ಕೆ ಸರಿಪಡಿಸಿದ ಲ್ಯಾಕ್ಟೋಮೀಟರ್ ರೀಡಿಂಗನ್ನು 4ರಿಂದ ಭಾಗಿಸಬೇಕು, ಫ್ಯಾಟಿನ ಕಾಲು ಭಾಗ ಸೇರಿಸಬೇಕು, ಅದಕ್ಕೆ 0.44 ಕೂಡಿಸಬೇಕು. ರೀಡಿಂಗ್ 28, ಫ್ಯಾಟ್ 4 ಇದ್ದರೆ 7 ಮತ್ತು 1 ಮತ್ತು 0.44, ಒಟ್ಟು 8.44. ಹಾಗಾದರೆ ಎಂಟ್ರಿಯಲ್ಲಿ ಎಸ್‌ಎನ್‌ಎಫ್ ಅನ್ನು ಬರೆದಿಡಬೇಕಾ? ಬರೆದಿಟ್ಟರೆ, ನಾಳೆ ಫ್ಯಾಟ್ ತಿದ್ದಿದವರು ಎಸ್‌ಎನ್‌ಎಫ್ ತಿದ್ದಲು ಮರೆಯಬಹುದು. ಪೈಥಾನ್‌ನಲ್ಲಿ ಪ್ರಾಪರ್ಟಿ ಅಂತ ಒಂದು ಸೌಲಭ್ಯ ಇದೆ. ಹೊರಗಿನಿಂದ ನೋಡಿದರೆ ಬರೆದಿಟ್ಟ ಸಂಖ್ಯೆಯ ಹಾಗೇ ಕಾಣುತ್ತದೆ, ಕೇಳಿದಾಗೆಲ್ಲ ಒಳಗೆ ಲೆಕ್ಕ ಹಾಕಿ ಕೊಡುತ್ತದೆ. ಎನ್‌ಕ್ಯಾಪ್ಸುಲೇಷನ್ ಅಂತ ಟ್ರೈನಿಂಗ್ ಸೆಂಟರ್‌ನಲ್ಲಿ ಉರು ಹೊಡೆದದ್ದಕ್ಕೆ ಇಲ್ಲಿ ಅರ್ಥ ಬಂತು. ಒಳಗಿನ ಲೆಕ್ಕ ಯಾವುದು ಅಂತ ಹೊರಗಿನವರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಇದೇ ಹೊತ್ತಿಗೆ ದಶಾಂಶದ ಕಾಟವೂ ಬಂತು. 1.1ಕ್ಕೆ 2.2 ಕೂಡಿಸಿದರೆ ಪೈಥಾನ್ 3.3000000000000003 ಅನ್ನುತ್ತದೆ. ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಸಂಖ್ಯೆ ಇಡುವುದರಿಂದ ಹೀಗೆ. ಹೀಗೆ ಬಂದ ಸಂಖ್ಯೆ ಹಿಡಿದು ದರಪಟ್ಟಿಯಲ್ಲಿ 3.3 ಫ್ಯಾಟಿನ ಸಾಲು ಹುಡುಕಿದರೆ ಸಿಗುವುದೇ ಇಲ್ಲ. ಅದಕ್ಕೇ ಮೇಲೆ 3.8 ಅಂತ ಬರೆಯದೆ 38 ಅಂತ ಬರೆದದ್ದು. ಎಸ್‌ಎನ್‌ಎಫ್ ಕೂಡ ಹಾಗೇ, ದರಪಟ್ಟಿಗೆ ಕೊಡುವಾಗ ಒಂದು ದಶಾಂಶಕ್ಕೆ ತಂದು ಪೂರ್ಣ ಸಂಖ್ಯೆ ಮಾಡುತ್ತೇವೆ. ದುಡ್ಡಿಗೆ, ದಶಾಂಶವನ್ನು ಬರೆದ ಹಾಗೇ ಇಟ್ಟುಕೊಳ್ಳುವ ಪೈಥಾನಿನ ಡೆಸಿಮಲ್ ಬಳಸಿದೆವು.

ಇನ್‌ಹೆರಿಟೆನ್ಸ್, ಅಂದರೆ ಒಂದು ಕ್ಲಾಸಿನಲ್ಲಿ ಇರುವುದು ಅದರ ಮಗು ಕ್ಲಾಸಿಗೂ ಸಿಗುವ ವಿಷಯ ಬಂದಾಗ ನಮ್ಮಿಬ್ಬರ ನಡುವೆ ಚರ್ಚೆ ಜೋರಾಯಿತು. ಅವನು ಹೇಳಿದ, ಹಾಲು ಅಂತ ಒಂದು ಕ್ಲಾಸು, ಅದರಡಿ ಹಸುವಿನ ಹಾಲು, ಎಮ್ಮೆ ಹಾಲು ಅಂತ ಎರಡು ಮಾಡೋಣ. ನಾನು ಕೇಳಿದೆ, "ಎರಡರಲ್ಲಿ ಬೇರೆ ಆಗೋದು ಏನು ಮಗ? ಎರಡನ್ನೂ ಅಳೆಯೋದು ಒಂದೇ ಥರ. ಫ್ಯಾಟ್ ನೋಡೋದು ಒಂದೇ ಥರ. ಚೀಟಿ ಒಂದೇ ಥರ. ದರ ಮಾತ್ರ ಬೇರೆ." ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಾಗಾದ್ರೆ ಬೇರೆ ಮಾಡಬೇಕಾಗಿರೋದು ಹಾಲನ್ನಲ್ಲ, ದರಪಟ್ಟಿನ" ಅಂದ.

ದರಪಟ್ಟಿಯನ್ನೇ ಒಂದು ಆಬ್ಜೆಕ್ಟ್ ಮಾಡಿದೆವು. 'ದರ_ಎಷ್ಟು' ಅಂತ ಕೇಳಿದರೆ ಉತ್ತರ ಕೊಡುವುದಷ್ಟೇ ಅದರ ಕೆಲಸ. ಹಸುವಿನದಕ್ಕೆ ಒಂದು, ಎಮ್ಮೆಯದಕ್ಕೆ ಒಂದು. ಎಂಟ್ರಿಗೆ ಹುಟ್ಟುವಾಗಲೇ ಒಂದು ದರಪಟ್ಟಿ ಕೊಟ್ಟುಬಿಡುತ್ತೇವೆ. ಅದು ಯಾವ ಪಟ್ಟಿ ಅಂತ ಎಂಟ್ರಿ ವಿಚಾರಿಸುವುದಿಲ್ಲ, ಪ್ರಶ್ನೆ ಕೇಳುತ್ತದೆ, ಉತ್ತರ ಪಡೆಯುತ್ತದೆ. ಪಾಲಿಮಾರ್ಫಿಸಂ ಅನ್ನೋದು ಇದೇ ಅಂತೆ. ಒಂದನ್ನು ಇನ್ನೊಂದರ ಮಗು ಮಾಡುವ ಬದಲು ಒಂದರ ಕೈಗೆ ಇನ್ನೊಂದನ್ನು ಕೊಡೋದಕ್ಕೆ ಕಾಂಪೊಸಿಷನ್ ಅನ್ನುತ್ತಾರೆ. ದೊಡ್ಡ ಪ್ರೋಗ್ರಾಮರ್‌ಗಳೂ ಇನ್‌ಹೆರಿಟೆನ್ಸ್‌ಗಿಂತ ಮೊದಲು ಇದನ್ನು ನೋಡು ಅನ್ನುತ್ತಾರೆ ಅಂತ ಅವನೇ ಹೇಳಿದ. ನನಗೆ ಆ ಮಾತು ಗೊತ್ತಿರಲಿಲ್ಲ, ಡೈರಿ ಗೊತ್ತಿತ್ತು.

ದರಪಟ್ಟಿಗೆ ಇನ್ನೊಂದು ಗುಣ ಇದೆ. ಅದು ಬದಲಾಗುತ್ತದೆ. ಹಾಲು ಒಕ್ಕೂಟದಿಂದ ಇಂಥ ತಾರೀಖಿನಿಂದ ಹೊಸ ದರ ಅಂತ ಬರುತ್ತದೆ. ಹೊಸ ದರ ಬಂತು ಅಂತ ಕಳೆದ ತಿಂಗಳ ಚೀಟಿ ಬದಲಾಗಬಾರದು. ಇಲ್ಲಿ ಪೈಥಾನ್ ಒಂದು ಬಲೆ ಒಡ್ಡುತ್ತದೆ. ಎಂಟ್ರಿಯ ಕೈಯಲ್ಲಿರುವುದು ದರಪಟ್ಟಿಯ ನಕಲು ಅಲ್ಲ, ಅದರ ವಿಳಾಸ ಮಾತ್ರ. ಇದ್ದ ಪಟ್ಟಿಯ ಒಳಗೇ ಸಂಖ್ಯೆ ತಿದ್ದಿದರೆ ಹಳೆಯ ಎಂಟ್ರಿಗಳೆಲ್ಲ ಹೊಸ ದರ ಹೇಳಲು ಶುರು ಮಾಡುತ್ತವೆ. ಹಾಗಾಗಿ ನಮ್ಮ ನಿಯಮ: ಹಳೆಯ ದರಪಟ್ಟಿಯನ್ನು ಮುಟ್ಟೋ ಹಾಗಿಲ್ಲ. ಜಾರಿ ತಾರೀಖು ಹಾಕಿ ಹೊಸ ಆಬ್ಜೆಕ್ಟ್ ಮಾಡಬೇಕು. ಹಳೆಯ ಎಂಟ್ರಿ ಹಳೆಯದನ್ನೇ ಹಿಡಿದುಕೊಂಡಿರುತ್ತದೆ.

ಎಂಟ್ರಿಗೂ ಹಾಗೇ ಮಾಡಿದೆವು. ಡೇಟಾಕ್ಲಾಸ್ ಅಂತ ಪೈಥಾನ್ 3.7ರಲ್ಲಿ ಬಂದ ಸೌಲಭ್ಯ ಇದೆ, 2018ರದ್ದು. ಅದಕ್ಕೆ ಫ್ರೋಜನ್ ಅಂತ ಹೇಳಿದರೆ ಒಮ್ಮೆ ಹುಟ್ಟಿದ ಎಂಟ್ರಿಯ ಲೀಟರನ್ನೋ ಫ್ಯಾಟನ್ನೋ ಬದಲಾಯಿಸಲು ಹೋದರೆ ಎರರ್ ಕೊಡುತ್ತದೆ. "ತಪ್ಪು ಎಂಟ್ರಿ ಬಿದ್ದರೆ ತಿದ್ದೋದು ಹೇಗೆ?" ಅಂತ ಅಕ್ಕನ ಮಗ ಕೇಳಿದ. ಅದು ಸಂಘದಲ್ಲಿ ಮೊದಲಿನಿಂದ ಇರುವ ಪದ್ಧತಿ. ಪುಸ್ತಕದಲ್ಲಿ ಕೆರೆದು ಅಳಿಸುವ ಹಾಗಿಲ್ಲ. ತಪ್ಪಿನ ಎದುರು ವಜಾ ಎಂಟ್ರಿ ಹಾಕಿ, ಸರಿಯಾದದ್ದನ್ನು ಕೆಳಗೆ ಹೊಸದಾಗಿ ಬರೆಯಬೇಕು. ಆಡಿಟ್‌ಗೆ ಬಂದವರಿಗೆ ಮೂರೂ ಕಾಣಬೇಕು. ಕೋಡಿನಲ್ಲೂ ಅದನ್ನೇ ಮಾಡಿದೆವು. ಬೆಂಗಳೂರಿನ ಅವನ ಆಫೀಸಿನಲ್ಲಿ ಇದಕ್ಕೆ ಏನೋ ದೊಡ್ಡ ಹೆಸರಿದೆಯಂತೆ.

ಇಲ್ಲಿಂದ ಮುಂದೆ ಕಲಿಕೆ ಬೇಗ ಸಾಗಿತು. ಆಬ್ಜೆಕ್ಟನ್ನು ಪ್ರಿಂಟ್ ಮಾಡಿದರೆ ಅರ್ಥ ಆಗದ ವಿಳಾಸ ಬರುತ್ತದೆ. ಅದರ ಬದಲು ಚೀಟಿಯ ಹಾಗೆ ಬರಲು ಎಸ್‌ಟಿಆರ್ ಮೆಥಡ್ ಬರೆದೆ. ಹಳೆಯ ಬಟವಾಡೆ ಪುಸ್ತಕ ತೆಗೆದು, ಸದಸ್ಯರ ಲೆಕ್ಕವನ್ನು ಕೋಡ್ ಕೊಟ್ಟ ಲೆಕ್ಕದ ಜೊತೆ ಸಾಲು ಸಾಲಾಗಿ ತಾಳೆ ನೋಡಿದೆ. ಈಗ ಯಾರಾದರೂ "ಯಾಕಮ್ಮ ಹಿಂಗೆ" ಅಂದರೆ ರೀಡಿಂಗ್ ಇಷ್ಟು, ಫ್ಯಾಟ್ ಇಷ್ಟು, ಅದಕ್ಕೆ ಎಸ್‌ಎನ್‌ಎಫ್ ಇಷ್ಟು, ದರಪಟ್ಟಿಯ ಈ ಮನೆಯಲ್ಲಿ ಈ ದರ ಅಂತ ಬಿಡಿಸಿ ತೋರಿಸುತ್ತೇನೆ. ಸಂಘದ ಮೆಷಿನ್ ಅದರ ಪಾಡಿಗೆ ಅದು ನಡೆಯುತ್ತಿದೆ, ಚೀಟಿ ಕೊಡುವುದು ಅದೇ. ನನ್ನದು ತಿಳಿದುಕೊಳ್ಳಲು.

ಸದ್ಯಕ್ಕೆ ಕೈಯಲ್ಲಿರುವುದು ಬಟವಾಡೆ. ಅದು ಸದಸ್ಯೆ ಕ್ಲಾಸಿನ ಒಂದು ಮೆಥಡ್ ಆದರೆ ಸಾಕು ಅಂತ ಅಕ್ಕನ ಮಗನ ವಾದ. ನಾನು ಒಪ್ಪಲಿಲ್ಲ. ಬಟವಾಡೆಗೆ ಯಾವ ತಾರೀಖಿನಿಂದ ಯಾವ ತಾರೀಖಿಗೆ ಅಂತ ಇದೆ, ಪಶು ಆಹಾರದ ಕಡಿತ ಇದೆ, ಸಹಿ ಇದೆ. ಹಂಚಿ ಮುಗಿದ ಮೇಲೂ ಅದು ದಾಖಲೆಯಾಗಿ ಉಳಿಯಬೇಕು. ತಾನೇ ನೆನಪಿಟ್ಟುಕೊಳ್ಳಬೇಕಾದ್ದು ಇಷ್ಟು ಇರುವಾಗ ಅದು ಬೇರೆ ಕ್ಲಾಸೇ ಆಗಬೇಕು ಅಂತ ಹೇಳಿ ಬರೆಯಲು ಶುರು ಮಾಡಿದ್ದೇನೆ. ಒಂದು ಕಡೆ ನಿಂತಿದೆ. ಹಸು ಬತ್ತಿಸಿದ ತಿಂಗಳುಗಳಲ್ಲಿ ಹಾಲು ಕಡಿಮೆ, ಫೀಡಿನ ಬಾಕಿ ಹಾಗೇ ಇರುತ್ತದೆ. ಕಡಿತ ಹಾಲಿನ ದುಡ್ಡಿಗಿಂತ ಜಾಸ್ತಿ ಆದರೆ ಏನು ಮಾಡಬೇಕು? ಪೂರ್ತಿ ಹಿಡಿಯಬೇಕಾ, ಅರ್ಧ ಕೈಗೆ ಕೊಟ್ಟು ಉಳಿದದ್ದನ್ನು ಮುಂದಕ್ಕೆ ಹಾಕಬೇಕಾ? ಇದನ್ನು ನಾನೊಬ್ಬಳೇ ತೀರ್ಮಾನ ಮಾಡುವ ಹಾಗಿಲ್ಲ, ಮುಂದಿನ ಕಮಿಟಿ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸಿದ್ದೇನೆ. ಅಲ್ಲಿಯವರೆಗೆ ಅಂಥ ಲೆಕ್ಕ ಬಂದರೆ ಆ ಮೆಥಡ್ ಎರರ್ ಕೊಟ್ಟು ನಿಲ್ಲುವ ಹಾಗೆ ಬರೆದಿದ್ದೇನೆ.